ಮಡಿಲ ಸೊಪ್ಪು

ಹಾಸ್ಟೆಲ್, ತುಮಕೂರು
30 ಜೂನ್ 2024

ಅಪ್ಪಾ,

ತಂದೆಗೆ ಕಾಗದ ಬರೆಯುವಾಗ ‘ತೀರ್ಥರೂಪು’ ಅಂತ ಶುರು ಮಾಡಬೇಕೆಂದು ಇಲ್ಲಿಯ ಕನ್ನಡ ಮೇಡಂ ಹೇಳಿಕೊಟ್ಟರು. ನಿನ್ನನ್ನು ಹಾಗೆ ಕರೆದರೆ ನೀನು ಹಿಂದೆ ತಿರುಗಿ, ಯಾರೋ ನೆಂಟರು ಬಂದರೇನೋ ಅಂತ ನೋಡುವವನು. ಅದಕ್ಕೆ ಬರೀ ಅಪ್ಪಾ.

ಮೊಬೈಲುಗಳನ್ನೆಲ್ಲ ಮೊದಲ ದಿನವೇ ಕಿತ್ತುಕೊಂಡು ಬೀಗ ಹಾಕಿಟ್ಟರು. ತಿಂಗಳಿಗೊಮ್ಮೆ ವಾರ್ಡನ್ ಫೋನಿನಲ್ಲಿ ಐದು ನಿಮಿಷ ಮಾತು, ಅದೂ ಅವರು ಪಕ್ಕದಲ್ಲೇ ನಿಂತಿರುತ್ತಾರೆ. ಇನ್ನು ಎರಡು ವರ್ಷ ನಮ್ಮ ಮಾತೆಲ್ಲ ಕಾಗದದಲ್ಲೇ. ಊಟದ ವಿಚಾರ ಅಮ್ಮನಿಗೆ ಹೇಳಬೇಡ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಮತ್ತೆ ಅದೇ. ಸಾಂಬಾರಿನಲ್ಲಿ ತರಕಾರಿ ಸಿಗಬೇಕಾದರೆ ಗಾಳ ಹಾಕಿ ಕೂರಬೇಕು. ಸೊಪ್ಪು ಕಂಡು ತಿಂಗಳಾಯಿತು.

ಈಗ ಕೆಲಸದ ಮಾತು. ನನ್ನ ಸೊಪ್ಪಿನ ನೋಟ್‌ಬುಕ್ ನಡುಮನೆಯ ಗೂಡಿನಲ್ಲಿದೆ, ನೀಲಿ ರಟ್ಟಿನದು. ಅದನ್ನು ಟೈಲರ್ ಶೌಕತ್ ಅಲಿಯವರ ಮಗಳು ರುಕ್ಸಾನಳಿಗೆ ಕೊಡು. ಅವಳೀಗ ಒಂಬತ್ತನೇ ಕ್ಲಾಸು. ಗುರುವಾರದ ಹಿಡಿಸೊಪ್ಪು ಇನ್ನು ಅವಳ ಜವಾಬ್ದಾರಿ.

ಸ್ಕೂಲಿಗೆ ಹೊಸ ಹೆಡ್‌ಮಾಸ್ಟರ್ ಬಂದಿದ್ದಾರಂತೆ. ಅವರಿಗೆ ಇದೆಲ್ಲ ಗೊತ್ತಿಲ್ಲ, ನೀನೇ ಹೋಗಿ ಹೇಳಬೇಕು. ನೀನು ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಹೋಗುತ್ತೀಯ, ಅದಕ್ಕೆ ಬರೆದೇ ಕೊಡುತ್ತಿದ್ದೇನೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ಪ್ರಾರ್ಥನೆಗೆ ನಿಂತವಳು ದೊಪ್ಪನೆ ಬಿದ್ದೆ. ನರ್ಸಮ್ಮ ಬಂದು ಎಲ್ಲ ಹುಡುಗಿಯರ ರಕ್ತ ನೋಡಿದರು. ಅರ್ಧಕ್ಕರ್ಧ ಹುಡುಗಿಯರಿಗೆ ರಕ್ತವೇ ಇರಲಿಲ್ಲ, ನನಗಂತೂ ಎಲ್ಲರಿಗಿಂತ ಕಡಿಮೆ. ನಮ್ಮನೆಗೆ ಕೊಬ್ಬರಿ ಒಡೆಯಲು ಬರುವ ಸಿದ್ದಮ್ಮಜ್ಜಿ ನನ್ನ ಕೈ ಹಿಡಿದು ತೆಂಗಿನ ಸಾಲುಗಳ ನಡುವೆ ಕರೆದುಕೊಂಡು ಹೋದಳು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಿರಕಸಾಲೆ, ಗಣಿಕೆ ಎಲ್ಲ ಬೆರೆಸಿ ಕಿತ್ತು ಆರು ತಿಂಗಳು ತಿನ್ನಿಸಿದಳು. ಆಮೇಲೆ ನಾನು ಬಿದ್ದಿಲ್ಲ.

ಹೀಗೆ ತಾನಾಗಿ ಹುಟ್ಟುವ ಬೆರಕೆ ಸೊಪ್ಪಿಗೆ ನಮ್ಮ ಕಡೆ ತೋಟದವರನ್ನು ಕೇಳಬೇಕಿಲ್ಲ ಅನ್ನುವುದನ್ನೂ ಹೆಡ್‌ಮಾಸ್ಟರಿಗೆ ಹೇಳು, ಅವರು ಬೇರೆ ಸೀಮೆಯವರು. ಮಡಿಲಲ್ಲಿ ಹಿಡಿಸುವಷ್ಟನ್ನು ಯಾವ ಹೆಂಗಸು ಯಾರ ತೋಟದಲ್ಲಾದರೂ ಕೀಳಬಹುದು. ಬುಟ್ಟಿ, ಕುಕ್ಕೆ ತಂದರೆ ಮಾತ್ರ ಕೇಳಬೇಕು. ಕಳೆಗೆ ಔಷಧಿ ಹೊಡೆಯಲು ಶುರುವಾದ ಮೇಲೆ ಎಲ್ಲಿ ಕಿತ್ತರೆ ಅಪಾಯ, ಎಲ್ಲಿ ಇಲ್ಲ ಅನ್ನುವುದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ನಾನು ಇಪ್ಪತ್ಮೂರು ತೋಟ ಅಲೆದು, ಎರಡೆರಡು ಸಾಲಿಗೆ ಔಷಧಿ ಹೊಡೆಯುವುದಿಲ್ಲ ಅಂತ ಮಾತು ತೆಗೆದುಕೊಂಡೆ. ಮೊದಲ ಮಾತು ಕೊಟ್ಟವನು ನೀನೇ. ಯಾರ ತೋಟ, ಯಾವ ಮೂಲೆ, ಯಾವ ತಿಂಗಳು, ಯಾವ ಸೊಪ್ಪು, ಎಲ್ಲ ಆ ನೋಟ್‌ಬುಕ್ಕಿನಲ್ಲಿದೆ. ಗುರುವಾರ ಪ್ರತಿ ಮಗುವೂ ಒಂದು ಹಿಡಿ ಸೊಪ್ಪು ತರಬೇಕು, ಅಡುಗೆಯ ಹೊಂಬಾಳಮ್ಮ ಅದನ್ನು ಬಿಸಿಯೂಟದ ಸಾರಿಗೆ ಹಾಕುತ್ತಾರೆ. ಇಷ್ಟೇ.

ನೋಟ್‌ಬುಕ್ ರುಕ್ಸಾನಳಿಗೆ ಮಾತ್ರ. ಊರು ದಾಟಿಸುವುದಿಲ್ಲ ಅಂತ ಸಿದ್ದಮ್ಮಜ್ಜಿಗೆ ಮಾತು ಕೊಟ್ಟಿದ್ದೇನೆ.

ನಿನ್ನ
ಅನು


ಕಲ್ಲುಬಾವಿಪಾಳ್ಯ
18 ಜುಲೈ 2024

ಮಗಳೇ,

ತೀರ್ಥರೂಪನ ಆಶೀರ್ವಾದ. ನಿನ್ನ ಕಾಗದ ಬಂದ ದಿನ ನಿಮ್ಮಮ್ಮ ಅದನ್ನು ಮೂರು ಸಲ ಓದಿಸಿಕೊಂಡಳು. ಊಟದ ಭಾಗ ಬಿಟ್ಟು ಓದಿದೆ. ಆದರೂ ಅವಳಿಗೆ ಹೇಗೋ ಗೊತ್ತಾಗಿ, ಹುಡುಗಿ ಸೊರಗಿದರೆ ಈ ವನಜಾಕ್ಷಿ ನಿಮ್ಮನ್ನು ಸುಮ್ಮನೆ ಬಿಡಲ್ಲ ಅಂತ ಅವಳ ಹೆಸರು ಅವಳೇ ಹೇಳಿಕೊಂಡು ಬೈದಳು. ಚಟ್ನಿಪುಡಿ ಕಳಿಸಿದ್ದೇವೆ.

ಊರಲ್ಲಿ ಮಳೆ ಪರವಾಗಿಲ್ಲ. ಗುರುವಾರದ ಸೊಪ್ಪು ನಡೆಯುತ್ತಿದೆ. ಹೆಡ್‌ಮಾಸ್ಟರಿಗೆ ನೀನು ಬರೆದಂತೆಯೇ ಹೇಳಿದೆ, ನಡುವೆ ನಮ್ಮ ತಾತನ ಕಾಲದ ಒಂದೆರಡು ವಿಷಯ ಸೇರಿಸಿದೆ ಅಷ್ಟೇ. ಸಿದ್ದಮ್ಮನ ಸೊಸೆಗೆ ಈಗ ನಾಲ್ಕು ತಿಂಗಳು. ಅವಳಿಗೂ ರಕ್ತ ಕಡಿಮೆಯಂತೆ. ಮುದುಕಿ ದಿನಾ ಬೆಳಗ್ಗೆ ಮಡಿಲು ಕಟ್ಟಿಕೊಂಡು ತೋಟ ತೋಟ ಸುತ್ತುತ್ತಾಳೆ.

ರುಕ್ಸಾನ ಬಂದು ನೋಟ್‌ಬುಕ್ ಕೇಳಿದಳು. ಒಂದು ವಾರ ಬಿಟ್ಟು ಬಾ ಅಂದೆ. ಯಾಕೆಂದರೆ ನಾನು ಅದನ್ನು ಓದಲು ಕೂತಿದ್ದೆ. ನಿಜ ಹೇಳುತ್ತೇನೆ ಅನು, ನಮ್ಮ ತೋಟದ ವಾಯುವ್ಯ ಮೂಲೆಯಲ್ಲಿ ಒಂದೆಲಗ ಇದೆ ಅಂತ ನನಗೇ ಗೊತ್ತಿರಲಿಲ್ಲ. ನಲವತ್ತು ವರ್ಷ ಅದರ ಮೇಲೆ ಓಡಾಡಿದ್ದೇನೆ. ನನ್ನ ಹೊಟ್ಟೆಯಲ್ಲಿ ಇಂಥವಳು ಹೇಗೆ ಹುಟ್ಟಿದಳು ಅಂತ ಹೆಮ್ಮೆಯಾಯಿತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮಲ್ಲಿಕಾರ್ಜುನಯ್ಯ ಸಿಕ್ಕಿದ, ಎಳನೀರು ತುಂಬಿಸಿ ಬೆಂಗಳೂರಿಗೆ ಕಳಿಸುತ್ತಾನಲ್ಲ, ಅವನು. ಅವನಿಗೂ ತೋರಿಸಿದೆ. ಒಂದೊಂದು ಹಾಳೆಯನ್ನೂ ನಿಂತುಕೊಂಡೇ ಓದಿದ. ನಿಮ್ಮ ಹುಡುಗಿ ಸಾಮಾನ್ಯಳಲ್ಲ ಕಣ್ರೀ ರಾಜಣ್ಣ ಅಂದ. ಪುಸ್ತಕ ಎರಡು ದಿನ ಅವನ ಹತ್ತಿರ ಇರಲಿ, ವಾಪಸ್ ಕೊಡುತ್ತಾನೆ.

ಚೆನ್ನಾಗಿ ಓದು.

ನಿನ್ನ ಅಪ್ಪ
ರಾಜಣ್ಣ


ಹಾಸ್ಟೆಲ್, ತುಮಕೂರು
4 ಆಗಸ್ಟ್ 2024

ಅಪ್ಪಾ,

ಚಟ್ನಿಪುಡಿ ಒಂದೇ ದಿನಕ್ಕೆ ಖಾಲಿ. ಹನ್ನೆರಡು ಜನ ಮುತ್ತಿಕೊಂಡರು.

ಮಲ್ಲಿಕಾರ್ಜುನಯ್ಯನಿಗೆ ಯಾಕೆ ಕೊಟ್ಟೆ? ರುಕ್ಸಾನ ಕಾಗದ ಹಾಕಿದ್ದಾಳೆ, ನೋಟ್‌ಬುಕ್ ಇನ್ನೂ ಅವಳ ಕೈಗೆ ಬಂದಿಲ್ಲವಂತೆ. ಎರಡು ದಿನ ಎಂದವರು ಎರಡು ವಾರ ಇಟ್ಟುಕೊಂಡಿದ್ದಾರೆ. ನೀನು ಹೆಮ್ಮೆಪಟ್ಟಿದ್ದು ನನಗೂ ಖುಷಿಯೇ. ಆದರೆ ಅದು ನಾನೊಬ್ಬಳೇ ಬರೆದ ಪುಸ್ತಕ ಅಲ್ಲ, ಅಜ್ಜಿ ತೋರಿಸಿದ್ದನ್ನು ನಾನು ಬರೆದುಕೊಂಡಿದ್ದು. ನಾಳೆಯೇ ಹೋಗಿ ಈಸಿಕೊಂಡು ಬಾ. ಸಿಟ್ಟಿನಿಂದ ಬರೆಯುತ್ತಿಲ್ಲ, ಭಯದಿಂದ ಬರೆಯುತ್ತಿದ್ದೇನೆ.

ನಿನ್ನ
ಅನು


ಕಲ್ಲುಬಾವಿಪಾಳ್ಯ
8 ಸೆಪ್ಟೆಂಬರ್ 2024

ಮಗಳೇ,

ಗಣಪತಿ ಹಬ್ಬಕ್ಕೆ ನೀನಿಲ್ಲದೆ ಕಡುಬು ಉಳಿಯಿತು. ಇಷ್ಟು ದಿನ ಕಾಗದ ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಈ ವಿಷಯ ಗಟ್ಟಿಯಾಗಲಿ ಅಂತ ಕಾಯುತ್ತಿದ್ದೆ. ಇದರ ಜೊತೆ ಒಂದು ಕವರ್ ಇಟ್ಟಿದ್ದೇನೆ, ಮೊದಲು ಅದನ್ನು ನೋಡಿ ಆಮೇಲೆ ಮುಂದೆ ಓದು.

ನೋಡಿದೆಯಾ? ಸೊಪ್ಪು ತುಂಬಿ ಮಾರುವ ಕವರಿನ ಮೇಲೆ ನಿನ್ನ ಫೋಟೊ. ಹತ್ತನೇ ಕ್ಲಾಸಿನ ಬೀಳ್ಕೊಡುಗೆಯ ದಿನ ತೆಗೆಸಿದ್ದು, ಎರಡು ಜಡೆಯದು. ಕೆಳಗೆ ‘ಅನುಪಮಾ ಬೆರಕೆ ಸೊಪ್ಪು’ ಅಂತ ದಪ್ಪಕ್ಷರ. ಮಲ್ಲಿಕಾರ್ಜುನಯ್ಯ ಬೇರೆ ಹೆಸರು ಇಡಬೇಕೆಂದಿದ್ದ. ನನ್ನ ಮಗಳ ಹೆಸರಾದರೆ ಸರಿ, ಇಲ್ಲದಿದ್ದರೆ ಬೇಡ ಅಂತ ನಾನು ಪಟ್ಟು ಹಿಡಿದೆ. ಈಗ ದಿನಾ ಬೆಳಗ್ಗೆ ಬೆಂಗಳೂರಿನ ಅಂಗಡಿಗಳಲ್ಲಿ ನಿನ್ನ ಮುಖ. ಸಂತೆಯಲ್ಲಿ ನನ್ನನ್ನು ರಾಜಣ್ಣ ಅನ್ನುವುದನ್ನೇ ಬಿಟ್ಟಿದ್ದಾರೆ, ಅನುಪಮಾ ಅಪ್ಪ ಬಂದರು ಅನ್ನುತ್ತಾರೆ.

ನೀನು ಮಾತು ತೆಗೆದುಕೊಂಡಿದ್ದ ಇಪ್ಪತ್ಮೂರು ತೋಟದವರೂ ಆ ಸಾಲುಗಳ ಸೊಪ್ಪು ಮಲ್ಲಿಕಾರ್ಜುನಯ್ಯನಿಗೇ ಅಂತ ಒಪ್ಪಿ ಮೂರು ವರ್ಷಕ್ಕೆ ಸಹಿ ಹಾಕಿದ್ದಾರೆ. ಔಷಧಿ ಹೊಡೆಯದ ಸಾಲು ಅಂದರೆ ಪೇಟೆಯಲ್ಲಿ ಬೆಲೆ ಜಾಸ್ತಿಯಂತೆ. ಅವನ ಆಳುಗಳು ಬಂದು ಕುಡುಗೋಲಿನಲ್ಲಿ ಕೊಯ್ದುಕೊಂಡು ಹೋಗುತ್ತಾರೆ. ಹೊರಗಿನವರು ಬಂದು ತುಳಿಯದ ಹಾಗೆ ತಂತಿ ಎಳೆದಿದ್ದೇವೆ. ಹೆಂಗಸರು ಸ್ವಲ್ಪ ದಿನ ಗೊಣಗುತ್ತಾರೆ, ಆಮೇಲೆ ಸರಿಹೋಗುತ್ತದೆ. ಸ್ಕೂಲಿಗೆ ಬೇಕಾದರೆ ಹೇಳಿ ಕೊಡಿಸೋಣ. ಇದೆಲ್ಲ ಆಗಿದ್ದು ನಿನ್ನ ತಲೆಯಿಂದ ಅನ್ನುವುದನ್ನು ಮರೆಯಬೇಡ.

ನಿನ್ನ ಅಪ್ಪ
ರಾಜಣ್ಣ


ಕಲ್ಲುಬಾವಿಪಾಳ್ಯ
12 ಸೆಪ್ಟೆಂಬರ್ 2024

ಅನು ಅಕ್ಕ,

ನಾನು ರುಕ್ಸಾನ. ನಿಮ್ಮ ಅಪ್ಪ ನಿನಗೆ ಏನು ಬರೆದಿದ್ದಾರೋ ನನಗೆ ಗೊತ್ತಿಲ್ಲ. ನಾನು ನೋಡಿದ್ದನ್ನು ಬರೆಯುತ್ತೇನೆ.

ಹೋದ ಶುಕ್ರವಾರ, ಗೌರಿ ಹಬ್ಬದ ಬೆಳಗ್ಗೆ, ಸಿದ್ದಮ್ಮಜ್ಜಿ ನಿಮ್ಮ ತೋಟಕ್ಕೆ ಹೋದಳು. ಬೇರೆ ಕಡೆಯೆಲ್ಲ ಬೈದು ಕಳಿಸುತ್ತಿದ್ದರು. ರಾಜಣ್ಣ ಹಾಗೆ ಮಾಡಲ್ಲ ಅಂತ ತಂತಿಯ ಕೆಳಗೆ ನುಗ್ಗಿದಳು. ನಾನು ದಾರಿಯಲ್ಲಿ ನಿಂತಿದ್ದೆ. ಮಡಿಲು ತುಂಬಿಕೊಂಡು ಬರುವ ಹೊತ್ತಿಗೆ ನಿಮ್ಮ ಅಪ್ಪ ಮತ್ತು ಮಲ್ಲಿಕಾರ್ಜುನಯ್ಯ ಗೇಟಿನ ಹತ್ತಿರ ಇದ್ದರು. ಹಿಂಗೇ ಎಲ್ಲರೂ ಹೊತ್ಕೊಂಡು ಹೋದ್ರೆ ನಾನೇನು ಕೊಯ್ಯಲಿ ಅಂತ ಮಲ್ಲಿಕಾರ್ಜುನಯ್ಯ ಕೇಳಿದರು. ಆಗ ನಿಮ್ಮ ಅಪ್ಪ ಅಜ್ಜಿಗೆ ಹೇಳಿದ್ದು ಒಂದೇ ಮಾತು.

“ಸುರುವು ಸಿದ್ದಮ್ಮ.”

ಅಜ್ಜಿ ಮೊದಲು ತಮಾಷೆ ಅಂದುಕೊಂಡಳು. ಅವರು ಮತ್ತೆ ಹೇಳಿದರು. ಅಜ್ಜಿ ಸೆರಗು ಬಿಚ್ಚಿ ಬದುವಿನ ಮೇಲೆ ಸೊಪ್ಪೆಲ್ಲ ಸುರಿದಳು. ತುಂಬಿದ ಮಡಿಲನ್ನು ಬರಿದು ಮಾಡಿಸಿದವರು ಈ ಊರಲ್ಲಿ ಯಾರೂ ಇಲ್ಲ ಅಂತ ನಮ್ಮ ಅಮ್ಮಿ ಹೇಳುತ್ತಾಳೆ. ಬಸುರಿ ಇರುವ ಮನೆಗೆ ಹೊರಟ ಮಡಿಲು ಅದು. ಹಬ್ಬದ ದಿನ ಬೇರೆ.

ಎರಡು ಗುರುವಾರದಿಂದ ಮಕ್ಕಳು ಬರಿಗೈಲಿ ಬರುತ್ತಿದ್ದಾರೆ. ಕವರಿನ ಮೇಲೆ ನಿನ್ನ ಫೋಟೊ ನೋಡಿ, ಆ ಹುಡುಗಿ ನಮ್ಮ ಸೊಪ್ಪನ್ನೆಲ್ಲ ಬರ್ಕೊಂಡು ಹೋಗಿ ಮಾರಿದಳು ಅಂತ ಹೆಂಗಸರು ಆಡಿಕೊಳ್ಳುತ್ತಾರೆ. ನಾನು ಇಲ್ಲ ಅಂತ ವಾದ ಮಾಡಿದೆ. ನೀನು ಇಲ್ಲ ಅಂತ ಒಂದು ಸಲ ಬರೆದು ಕಳಿಸು ಅಕ್ಕ. ತೋರಿಸಬೇಕು.

ರುಕ್ಸಾನ


ಹಾಸ್ಟೆಲ್, ತುಮಕೂರು
22 ಸೆಪ್ಟೆಂಬರ್ 2024

ಅಪ್ಪನವರಿಗೆ,

ನೀವು ಕಳಿಸಿದ ಕವರನ್ನು ಮೊದಲು ನೋಡಿದ್ದು ನನ್ನ ರೂಮಿನ ಹುಡುಗಿಯರು. ಚಪ್ಪಾಳೆ ತಟ್ಟಿದರು. ನಾನೂ ಅರ್ಧ ಗಂಟೆ ನಕ್ಕೊಂಡು ಓಡಾಡಿದೆ, ಯಾಕೆಂದರೆ ನಿಮ್ಮ ಕಾಗದವನ್ನು ಇನ್ನೂ ಪೂರ್ತಿ ಓದಿರಲಿಲ್ಲ. ಆ ಅರ್ಧ ಗಂಟೆ ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ.

ನಾನು ಆ ತೋಟಗಳನ್ನೆಲ್ಲ ಸುತ್ತಿದ್ದು ಸೊಪ್ಪು ಎಲ್ಲರಿಗೂ ಸಿಗಲಿ ಅಂತ. ನನ್ನ ನೋಟ್‌ಬುಕ್ ಇಲ್ಲದಿದ್ದರೆ ಮಲ್ಲಿಕಾರ್ಜುನಯ್ಯನಿಗೆ ಯಾವ ಸಾಲಿಗೆ ತಂತಿ ಎಳೆಯಬೇಕು ಅನ್ನುವುದೂ ಗೊತ್ತಾಗುತ್ತಿರಲಿಲ್ಲ. ಒಂದು ಸಾಲನ್ನೂ ಬಿಡದೆ ಎಳೆದಿದ್ದಾನೆ, ನಾನು ಅಷ್ಟು ಚೆನ್ನಾಗಿ ಬರೆದಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ನಾನು ಆಗಸ್ಟಿನಲ್ಲೇ ಭಯ ಆಗುತ್ತಿದೆ ಅಂತ ಬರೆದಿದ್ದೆ. ನೀವು ಒಂದು ತಿಂಗಳು ಉತ್ತರ ಕೊಡಲಿಲ್ಲ. ಸಹಿ ಹಾಕಿಸಿ ಮುಗಿಯಲಿ ಅಂತ ಕಾದಿರಿ.

ಅದನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ನೀವು ಅಜ್ಜಿಯ ಮಡಿಲು ಸುರುವಿಸಿದಿರಿ. ನಾನು ಓಡಾಡಲು ಆಗದೆ ಮಲಗಿದ್ದಾಗ ನಮ್ಮನೆ ಬಾಗಿಲಿಗೆ ದಿನಾ ಬಂದ ಮಡಿಲು ಅದು. ಅದು ನಿಮಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ನಾನು ಇವತ್ತು ಹೀಗೆ ಬರೆಯುತ್ತಿರಲಿಲ್ಲ. ನನಗೆ ಮೋಸ ಮಾಡಿದವರು ಬೇರೆ ಯಾರಾದರೂ ಆಗಿದ್ದರೆ ಮೊದಲು ನಿಮಗೇ ಹೇಳಿಕೊಂಡು ಅಳುತ್ತಿದ್ದೆ.

ದಸರಾಕ್ಕೆ ಬರುತ್ತೇನೆ. ನಿಮ್ಮನ್ನು ನೋಡಲು ಅಲ್ಲ.

ಅನುಪಮಾ


ಕಲ್ಲುಬಾವಿಪಾಳ್ಯ
20 ಅಕ್ಟೋಬರ್ 2024

ಅನು,

‘ನೀವು’ ಅಂತ ಬರೆದಿದ್ದೀಯ. ಹಬ್ಬಕ್ಕೆ ಬಂದಾಗಲೂ ಹಾಗೇ ಕರೆದೆ. ಒಂದೇ ದಿನ ಇದ್ದು ಹೊರಟೆ. ನೀನು ಸಿದ್ದಮ್ಮನ ಬಾಗಿಲ ಮುಂದೆ ನಿಂತಿದ್ದನ್ನು ನಾನು ನಮ್ಮ ಜಗುಲಿಯಿಂದ ನೋಡಿದೆ. ಬಾಗಿಲು ತೆರೆಯಲಿಲ್ಲ. ಕರೆಯೋಣ ಅಂತ ಎದ್ದೆ, ಯಾವ ಮುಖ ಇಟ್ಟುಕೊಂಡು ಕರೆಯಲಿ ಅಂತ ಮತ್ತೆ ಕೂತೆ.

ನಿನ್ನ ಓದಿಗಾಗಿ ಮಾಡಿದೆ ಅಂತ ಹೇಳಬಹುದಿತ್ತು. ನಿಮ್ಮಮ್ಮನಿಗೆ ಹಾಗೇ ಹೇಳಿ ನೋಡಿದೆ. ಅವಳು ಊಟಕ್ಕೆ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು ಒಳಗೆ ಹೋದಳು. ನಿನಗೆ ಆ ಸುಳ್ಳು ಹೇಳುವುದಿಲ್ಲ. ನನಗೆ ಖುಷಿಯಾಯಿತು ಅನು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಕುರ್ಚಿ ಹಾಕಿ ಕೂರಿಸಿರಲಿಲ್ಲ. ಮಲ್ಲಿಕಾರ್ಜುನಯ್ಯ ಕೂರಿಸಿದ. ಉಳಿದ ತೋಟದವರನ್ನು ಒಪ್ಪಿಸಲು ನನ್ನನ್ನೇ ಮುಂದೆ ಬಿಟ್ಟ. ಹುಡುಗಿಗೆ ಮಾತು ಕೊಟ್ಟಿದ್ದೇವಲ್ಲ ಅಂತ ಒಂದಿಬ್ಬರು ಕೇಳಿದರು. ಹುಡುಗಿಯ ಅಪ್ಪನೇ ಹೇಳುತ್ತಿದ್ದೇನಲ್ಲ ಅಂದೆ.

ಆ ದಿನ ಗೇಟಿನಲ್ಲಿ ಅವನು ನನ್ನ ಮುಖ ನೋಡಿದ. ಎಲ್ಲರಿಗೂ ಬುದ್ಧಿ ಹೇಳಿದವನು ನನ್ನ ತೋಟಕ್ಕೇ ಬಿಟ್ಟುಕೊಂಡರೆ ನಗುತ್ತಾನೆ ಅಂತ ಅನ್ನಿಸಿತು. ಅಷ್ಟಕ್ಕೇ ಹಾಗೆ ಅಂದುಬಿಟ್ಟೆ. ಆಮೇಲೆ ಆ ಸೊಪ್ಪನ್ನು ಆಯ್ದು ಅವಳ ಮನೆಗೆ ಕೊಟ್ಟು ಬರೋಣ ಅಂತ ಹೋದೆ. ಅಷ್ಟರಲ್ಲಿ ಅವನ ಆಳು ಅದನ್ನೂ ಕ್ರೇಟಿಗೆ ತುಂಬಿದ್ದ.

ನಮ್ಮ ತೋಟದ ತಂತಿ ಬಿಚ್ಚಿದ್ದೇನೆ. ಮಲ್ಲಿಕಾರ್ಜುನಯ್ಯ ಕೂಗಾಡಿ ಹೋದ, ಹೋಗಲಿ. ಉಳಿದ ಇಪ್ಪತ್ತೆರಡು ತೋಟದವರು ನನ್ನ ಮಾತು ಕೇಳುತ್ತಿಲ್ಲ. ಅವತ್ತು ಒಂದು ಹೇಳಿದಿರಿ, ಇವತ್ತು ಒಂದು ಹೇಳುತ್ತೀರಿ ಅನ್ನುತ್ತಾರೆ. ತಂತಿ ಬಿಚ್ಚಿ ಮೂರು ವಾರವಾಯಿತು. ಸೊಪ್ಪು ಮೊಣಕಾಲುದ್ದ ಬೆಳೆದಿದೆ. ಕೀಳಲು ಒಬ್ಬ ಹೆಂಗಸೂ ಬಂದಿಲ್ಲ.

ಬೈದಾದರೂ ಒಂದು ಕಾಗದ ಹಾಕು.

ಅಪ್ಪ


ಹಾಸ್ಟೆಲ್, ತುಮಕೂರು
3 ನವೆಂಬರ್ 2024

ಸಿದ್ದಮ್ಮಜ್ಜಿ,

ಇದನ್ನು ರುಕ್ಸಾನ ಓದಿ ಹೇಳುತ್ತಾಳೆ. ದೀಪಾವಳಿಗೆ ನಾನು ಊರಿಗೆ ಬರಲಿಲ್ಲ, ಅಪ್ಪನಿಗೆ ಕಾಗದವನ್ನೂ ಬರೆದಿಲ್ಲ. ನಿನಗೆ ಮಾತ್ರ ಬರೆಯುತ್ತಿದ್ದೇನೆ.

ನಾನು ಮಾರಲಿಲ್ಲ ಅಜ್ಜಿ. ಹಾಗಂತ ನನ್ನ ತಪ್ಪಿಲ್ಲ ಅಂತ ಹೇಳಲು ಬಾಯಿ ಬರುವುದಿಲ್ಲ. ಪುಸ್ತಕವನ್ನು ನಾನೇ ರುಕ್ಸಾನಳ ಕೈಗೆ ಕೊಟ್ಟು ಬಸ್ಸು ಹತ್ತಬಹುದಿತ್ತು. ಬಟ್ಟೆ ತುಂಬುವ ಗಡಿಬಿಡಿಯಲ್ಲಿ, ಅಪ್ಪ ಇದ್ದಾನಲ್ಲ, ಕೊಡುತ್ತಾನೆ ಅಂತ ಬಿಟ್ಟು ಬಂದೆ. ಅಪ್ಪನನ್ನು ನಂಬಬಾರದು ಅಂತ ಯಾವ ಮಗಳಿಗೆ ಹೊಳೆಯುತ್ತದೆ ಹೇಳು?

ನಿನ್ನ ಸೊಸೆಗೆ ಈಗ ಎಂಟು ತುಂಬುತ್ತಾ ಬಂತಲ್ಲವಾ? ಅವಳು ಏನು ಉಣ್ಣುತ್ತಿದ್ದಾಳೆ? ನನಗೆ ಅದೊಂದೇ ಯೋಚನೆ. ಇಲ್ಲಿ ಅನ್ನದ ಮುಂದೆ ಕೂತಾಗಲೆಲ್ಲ ಬದುವಿನ ಮೇಲೆ ಸುರಿದ ಸೊಪ್ಪೇ ಕಣ್ಣಿಗೆ ಬರುತ್ತದೆ. ನರ್ಸಮ್ಮ ಕೊಡುವ ಮಾತ್ರೆಯನ್ನಾದರೂ ತಪ್ಪದೆ ತಿನ್ನಲು ಹೇಳು. ಸಂಕ್ರಾಂತಿ ರಜೆಗೆ ಬಂದು ನಾನೇ ನಿನ್ನ ಜೊತೆ ಸುತ್ತುತ್ತೇನೆ. ಔಷಧಿ ಹೊಡೆಯದ ಹೊಸ ಜಾಗ ಹುಡುಕೋಣ, ಗುರುವಾರದ ಹಿಡಿಸೊಪ್ಪನ್ನು ಮತ್ತೆ ಮೊದಲಿನಿಂದ ಶುರು ಮಾಡೋಣ. ಈ ಸಲ ಯಾರ ಕೈಗೂ ಕೊಡುವುದಿಲ್ಲ.

ಬೈಯಬೇಕು ಅನ್ನಿಸಿದರೆ ಬೈದು ಬರೆಸು. ಸುಮ್ಮನೆ ಮಾತ್ರ ಇರಬೇಡ.

ನಿನ್ನ
ಅನು


ಕಲ್ಲುಬಾವಿಪಾಳ್ಯ
24 ನವೆಂಬರ್ 2024

ಅನುಪಮವ್ವಾ,

ನಾನು ಸಿದ್ದಮ್ಮ ಹೇಳ್ತಾ ಇವ್ನಿ, ರುಕ್ಸಾನ ಬರೀತಾ ಅವ್ಳೆ. ನಾ ಹೇಳ್ದಂಗೇ ಬರಿ, ತಿದ್ದಬ್ಯಾಡ ಅಂದಿವ್ನಿ.

ನಿನ್ನ ಕಾಗದ ಬಂತು. ಎಲ್ಡು ಸಲ ಓದಿಸ್ಕಂಡೆ. ಹಬ್ಬದಾಗೆ ನೀನು ಬಂದು ಬಾಗ್ಲು ತಟ್ಟಿದ್ದು ಕೇಳ್ತು. ನಾನು ಒಳಗೇ ಇದ್ದೆ. ಸುಳ್ಳು ಯಾಕೆ ಹೇಳ್ಲಿ, ತೆಗ್ಯಾಕೆ ಮನ್ಸಾಗ್ಲಿಲ್ಲ.

ನೀನು ಮಾರ್ಲಿಲ್ಲ ಅಂತ ನಂಗೊತ್ತು ಕಣವ್ವ. ಹೆಂಗಸ್ರಿಗೂ ಹೇಳಿವ್ನಿ. ನಿನ್ನ ಮ್ಯಾಲೆ ಸಿಟ್ಟಿಲ್ಲ, ಇದ್ದ ಸಿಟ್ಟೆಲ್ಲ ನನ್ನ ಮ್ಯಾಲೇನೆ. ನಮ್ಮತ್ತೆ ನಂಗೆ ಸೊಪ್ಪು ತೋರ್ಸುವಾಗ ನನ್ನ ಕೈಯಾಗೆ ಏನೂ ಇರ್ಲಿಲ್ಲ. ನೀನು ಪೆನ್ನು ಹಿಡ್ಕಂಡು ಬಂದೆ, ಓದಿದ ಮಗು ಅಂತ ನಂಗೂ ಸಂತೋಸ ಆಯ್ತು, ಸುಮ್ಕಾದೆ.

ನಿಮ್ಮಪ್ಪ ತಂತಿ ಬಿಚ್ಚವ್ನೆ. ಬಾ ಅಂತ ಎಲ್ಡು ಸಲ ಹೇಳಿ ಕಳಿಸ್ದ. ಕೊಬ್ಬರಿ ಒಡ್ಯಾಕೆ ಹೋಯ್ತೀನಿ, ಅದು ಕೂಲಿ. ಸೊಪ್ಪಿಗೆ ಹೋಗಲ್ಲ. ಬಗ್ಗಿ ಕೀಳುವಾಗ ಬೆನ್ನಿಂದೆ ಯಾರೋ ನಿಂತವ್ರೆ ಅನ್ಸಿದ್ರೆ ಆ ಸೊಪ್ಪು ಮೈಗೆ ಹತ್ತಲ್ಲ ಕಣವ್ವ. ಅವ್ನಿಗೊಂದು ಕಾಗದ ಹಾಕು. ಸೊರಗಿ ಬಡವಾಗವ್ನೆ.

ಸೊಸೆ ಚೆನ್ನಾಗವ್ಳೆ. ಹೋದ್ವಾರ ನರ್ಸಮ್ಮ ರಕ್ತ ನೋಡಿ, ಪರವಾಗಿಲ್ವೇ, ಏನು ತಿಂತಿದ್ದೀಯ ಅಂತ ಕೇಳಿದ್ಳಂತೆ. ಇವ್ಳು ಬಾಯಿ ಬಿಟ್ಟಿಲ್ಲ. ಸ್ಕೂಲಿನ ಮಕ್ಳೂ ಗುರುವಾರ ಉಣ್ತಾ ಅವ್ರೆ, ಹೊಂಬಾಳಮ್ಮನ ಪಾತ್ರೆ ತುಂಬ್ತಾ ಐತೆ. ನೀನು ಅದಕ್ಕೆ ಯೋಚ್ನೆ ಮಾಡ್ಬ್ಯಾಡ. ನಿನ್ನ ಪುಸ್ತಕದಾಗೆ ಇಲ್ದಿರೋ ಜಾಗ ಒಂದೈತೆ. ದೂರ ನಡೀಬೇಕು, ಅವಾಗ ನಿಂಗೆ ಬಿಸ್ಲಿಗೆ ತಲೆ ಸುತ್ತು ಬತ್ತಿತ್ತು, ಅದಕ್ಕೆ ಕರ್ಕಂಡು ಹೋಗ್ಲಿಲ್ಲ. ಗಟ್ಟಿಯಾಗ್ಲಿ, ಆಮ್ಯಾಕೆ ತೋರ್ಸಾನ ಅಂತಿದ್ದೆ. ಈಗ ತೋರ್ಸಲ್ಲ.

ಸಂಕ್ರಾಂತಿಗೆ ಬಂದ್ರೆ ಮನೆಗೆ ಬಾ. ಈ ಸಲ ಬಾಗ್ಲು ತೆಗೀತೀನಿ. ಮಗೂನ ನೋಡು. ಬಿಸಿ ಮುದ್ದೆ, ಸೊಪ್ಪಿನ ಸಾರು ಇಕ್ತೀನಿ, ಹೊಟ್ಟೆ ತುಂಬ ಉಣ್ಣು. ಎಲ್ಲಿ ಕಿತ್ತೆ ಅಂತ ಮಾತ್ರ ಕೇಳ್ಬ್ಯಾಡ. ಕೇಳಿದ್ರೆ ಸುಳ್ಳು ಹೇಳ್ಬೇಕಾಯ್ತದೆ, ನಿಂಗೆ ಸುಳ್ಳು ಹೇಳಾಕೆ ನಂಗಾಗಲ್ಲ.

ಇಂತಿ
ಸಿದ್ದಮ್ಮನ ಹೆಬ್ಬೆಟ್ಟು

ಅಕ್ಕ, ಅಜ್ಜಿ ಹೇಳಿದ್ದು ಅಷ್ಟೇ. ಇನ್ನು ಇದು ನನ್ನ ಮಾತು. ಆ ಜಾಗ ನನಗೆ ಗೊತ್ತು. ಗುರುವಾರ ಮಕ್ಕಳನ್ನು ಕರೆದುಕೊಂಡು ಹೋಗುವವಳು ನಾನೇ. ನೀನು ಕೇಳಿ ಬರೆದರೆ ನಾನು ಉತ್ತರ ಕೊಡುವುದಿಲ್ಲ. ಅದಕ್ಕೆ ಬರೆಯಬೇಡ.

ರುಕ್ಸಾನ